ವಾಲ್‌ಪೇಪರ್ ಅಂಟಿಸೋ ಮುಂಚೆ ಒಂದು ಲೆಕ್ಕ

ಗೆಳೆಯರೇ, ರಜೆಗೆ ಊರಿಗೆ ಹೋದಾಗ ನಮ್ಮ ರೂಮಿಗೆ ನಾವೇ ವಾಲ್‌ಪೇಪರ್ ಅಂಟಿಸೋಣ ಅನ್ಸುತ್ತಲ್ವಾ? ಮೊದಲು ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡೋಣ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೇ ಮನೆಗಳಲ್ಲಿ ಹಬ್ಬಹಬ್ಬಕ್ಕೂ ಬಳಿದ ಸುಣ್ಣ ಪದರಪದರವಾಗಿ ಕೂತಿರುತ್ತೆ. ಕೈಗೆ ಬಿಳಿ ಪುಡಿ ಹತ್ತಿದರೆ ಗೋಂದು ಹಿಡಿಯೋದು ಆ ಪುಡಿಯನ್ನೇ, ಗೋಡೆಯನ್ನಲ್ಲ. ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು ಒಣಗಿಸಬೇಕು. ಚಿತ್ರದುರ್ಗ ಒಣ ಜಿಲ್ಲೆ, ತೇವ ಎಲ್ಲಿಂದ ಬರುತ್ತೆ ಅಂತೀರಾ? ತಳಪಾಯದಿಂದ. ಫಿಸಿಕ್ಸ್‌ನಲ್ಲಿ ಓದಿದ ಕ್ಯಾಪಿಲರಿ ಆಕ್ಷನ್ ಇದೇ. ಗೋಡೆಯ ಬುಡದಲ್ಲಿ ಉಪ್ಪು ಎದ್ದಿದ್ದರೆ ಆ ಗೋಡೆಯ ಸಹವಾಸ ಬೇಡ.

ಇನ್ನು ರೋಲ್ ಎಷ್ಟು ಬೇಕು? ಸಾಮಾನ್ಯವಾಗಿ ಸಿಗುವ ರೋಲ್ 53 ಸೆಂ.ಮೀ. ಅಗಲ, 10 ಮೀಟರ್ ಉದ್ದ, ಸುಮಾರು 57 ಚದರಡಿ. ಗೋಡೆ 10 ಅಡಿ ಅಗಲ, 11 ಅಡಿ ಎತ್ತರ ಇದೆ ಅನ್ನಿ: 110 ಚದರಡಿ. ಎರಡು ರೋಲ್ ಅಂದರೆ 114, ಸಾಕು ಅನ್ಸುತ್ತೆ. ಸಾಲಲ್ಲ! ಗೋಡೆಗೆ ಆರು ಪಟ್ಟಿ ಬೇಕು. ಮೇಲೆ ಕೆಳಗೆ ಕತ್ತರಿಸಲು ಬಿಡೋದು ಸೇರಿ ಒಂದೊಂದು ಪಟ್ಟಿ 345 ಸೆಂ.ಮೀ. ಒಂದು ರೋಲಿನಲ್ಲಿ ಎರಡೇ ಪಟ್ಟಿ, ಉಳಿದದ್ದು ಒಂದಡಿ ಗಿಡ್ಡ. ಹಾಗಾಗಿ ಮೂರು ರೋಲ್. ಎತ್ತರ 10 ಅಡಿ ಇದ್ದಿದ್ದರೆ ಎರಡೇ ಸಾಕಿತ್ತು! ಹೂವಿನ ಡಿಸೈನ್ ಆದರೆ ಹೂವಿಗೆ ಹೂವು ಕೂಡಿಸಲು ಇನ್ನಷ್ಟು ಹಾಳೆ ಬೇಕಾಗಬಹುದು. ಎಲ್ಲ ರೋಲ್ ಒಂದೇ ಬ್ಯಾಚ್‌ನದ್ದಾಗಿರಲಿ, ಇಲ್ಲದಿದ್ದರೆ ಬಣ್ಣ ಬೇರೆಯಾಗುತ್ತೆ.

ಮೊದಲ ಪಟ್ಟಿಗೆ ಗೋಡೆಯ ಮೂಲೆಯನ್ನು ನಂಬಬೇಡಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ಗೆರೆ ಎಳೆಯಿರಿ. ಹಿರಿಯೂರಿನ ಸೆಖೆಯಲ್ಲಿ ಕಷ್ಟವೇ, ಆದರೂ ಮಾರನೇ ದಿನದವರೆಗೆ ಫ್ಯಾನ್ ಹಾಕಬೇಡಿ. ಬೇಗ ಒಣಗಿದರೆ ಕಾಗದ ಕುಗ್ಗಿ ಸಂದು ಬಾಯಿ ಬಿಡುತ್ತೆ.