ಕೆಪ್ಯಾಸಿಟರ್ ಎಂಬ ಸಣ್ಣ ಡಬ್ಬಿ

ಮಹಾಲಿಂಗಪುರದ ಬೇಸಿಗೆಯನ್ನು ಬಲ್ಲವರಿಗೆ ಮನೆಯ ಫ್ಯಾನು ನಿಲ್ಲುವದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ ಒತ್ತಿದರೆ ‘ಗುಂಯ್’ ಎಂಬ ಸಪ್ಪಳವಷ್ಟೇ ಬರುವದು, ರೆಕ್ಕೆಗಳು ಕದಲುವದಿಲ್ಲ. ಆಗ ಯಾರಾದರೂ ಕೋಲಿನಿಂದ ರೆಕ್ಕೆಯನ್ನು ತುಸು ನೂಕಿದರೆ ಫ್ಯಾನು ಮೆಲ್ಲಗೆ ತಿರುಗತೊಡಗುವದು. ಯಾವ ಕಡೆಗೆ ನೂಕಿದರೆ ಆ ಕಡೆಗೇ ತಿರುಗುವದು! ಆ ಕೋಲು ಮಾಡಿದ ಕೆಲಸವಾವುದು? ಇದಕ್ಕೆ ಉತ್ತರ ತಿಳಿದರೆ ಏರ್ ಕಂಡಿಷನರಿನ ಒಂದು ಮುಖ್ಯ ದುರಸ್ತಿಯೂ ತಿಳಿದಂತೆಯೇ.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಹಾಗೂ ಕಬ್ಬಿನ ಹೊಲಗಳ ಪಂಪುಗಳ ಮೋಟಾರುಗಳಲ್ಲಿ ಮೂರು ಫೇಸಿನವು ಅನೇಕ. ಮೂರು ಪ್ರವಾಹಗಳು ಒಂದರ ಹಿಂದೊಂದು ಬರುವದರಿಂದ ಅಲ್ಲಿ ಕಾಂತಕ್ಷೇತ್ರವು ತಾನಾಗಿಯೇ ಸುತ್ತುವದು. ಮನೆಗೆ ಬರುವದು ಒಂದೇ ಫೇಸು. ಅದರ ಕಾಂತಕ್ಷೇತ್ರವು ಸುತ್ತುವದಿಲ್ಲ; ಹಿಂದಕ್ಕೆ ಮುಂದಕ್ಕೆ ತುಯ್ಯುವದಷ್ಟೆ. ಬೀಸುವ ಕಲ್ಲಿನ ಗೂಟವನ್ನು ಹಿಡಿದು ನೇರವಾಗಿ ತನ್ನ ಕಡೆಗೆ ಎಳೆದು ನೇರವಾಗಿ ಹಿಂದಕ್ಕೆ ನೂಕಿದರೆ ಕಲ್ಲು ತಿರುಗಲಾರದು. ಎದುರಿಗಲ್ಲ, ಪಕ್ಕದಲ್ಲಿ ಇನ್ನೊಂದು ಕೈ ಕೂಡಿ, ಸರಿಯಾದ ಗಳಿಗೆಯಲ್ಲಿ ಎಳೆಯಬೇಕು. ಮೋಟಾರಿನಲ್ಲಿ ಎರಡನೆಯ ಸುರುಳಿಯೇ ಆ ಎರಡನೆಯ ಕೈ. ಅದರ ಪ್ರವಾಹವನ್ನು ಮೊದಲನೆಯದಕ್ಕಿಂತ ಮುಂದಾಗಿ ನಡೆಸಿ, ಸರಿಯಾದ ಗಳಿಗೆಯನ್ನು ಒದಗಿಸುವದೇ ಕೆಪ್ಯಾಸಿಟರು.

ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತು ಹರಿಯದ ತೆಳುವಾದ ಪದರು: ಕೆಪ್ಯಾಸಿಟರೆಂದರೆ ಇಷ್ಟೇ. ೧೭೪೫ರಲ್ಲಿ ಜರ್ಮನಿಯ ಕ್ಲೈಸ್ಟನೂ ೧೭೪೬ರಲ್ಲಿ ಹಾಲೆಂಡಿನ ಲೈಡನ್ ನಗರದ ಮುಸ್ಕೆನ್‌ಬ್ರೂಕನೂ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಬಗೆಯನ್ನು ಕಂಡರು. ಅದನ್ನು ಮುಟ್ಟಿದವರಿಗೆ ಬಿದ್ದ ಪೆಟ್ಟು ಪ್ರಸಿದ್ಧವಾಗಿದೆ. ಆ ಪೆಟ್ಟನ್ನು ಮುಂದೆ ನೆನಪಿಡಬೇಕು. ೧೭೮೨ರಲ್ಲಿ ವೋಲ್ಟಾ ಎಂಬ ವಿಜ್ಞಾನಿಯು ಇಂಥ ಸಾಧನಕ್ಕೆ ‘ಕಂಡೆನ್ಸರ್’ ಎಂದನು; ನಮ್ಮ ಮೆಕ್ಯಾನಿಕರ ಬಾಯಲ್ಲಿ ಇಂದಿಗೂ ಆ ಹೆಸರು ಉಳಿದಿದೆ. ಆದರೆ ಏರ್ ಕಂಡಿಷನರಿನಲ್ಲಿ ಬಿಸಿ ಅನಿಲವು ತಣಿದು ದ್ರವವಾಗುವ ಕೊಳವೆಗಳಿಗೂ ಕಂಡೆನ್ಸರೆಂದೇ ಹೆಸರು. ಅಂಗಡಿಯಲ್ಲಿ ಕೇಳುವಾಗ ಗೊಂದಲವಾಗದಿರಲೆಂದು ಇಲ್ಲಿ ಕೆಪ್ಯಾಸಿಟರೆಂದೇ ಕರೆದಿದ್ದೇನೆ. ಇದರ ಅಳತೆ ಮೈಕ್ರೋಫ್ಯಾರಡ್. ಮನೆಯ ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ ೨.೫ ಮೈಕ್ರೋಫ್ಯಾರಡ್ ಸಾಕು. ಏರ್ ಕಂಡಿಷನರಿನ ಕಂಪ್ರೆಸರಿಗೆ ಅದರ ಹತ್ತಾರು ಪಟ್ಟು ಬೇಕು.

ಈಗ ಫ್ಯಾನನ್ನು ಬಿಟ್ಟು ಮೋಟಾರ್ ಹೋಮಿಗೆ ಬರೋಣ. ಮಲಗುವ ಮಂಚ, ಅಡಿಗೆಯ ಒಲೆ ಎಲ್ಲವನ್ನೂ ಹೊತ್ತು ಸಾಗುವ ಈ ಗಾಲಿಮನೆಯು ಅಮೇರಿಕದಲ್ಲಿ ಬಹಳ ಬಳಕೆಯಲ್ಲಿದೆ. ಅದರ ಛಾವಣಿಯ ಮೇಲೆ ಏರ್ ಕಂಡಿಷನರು ಕುಳಿತಿರುವದು. ಅದರಲ್ಲಿ ಕಂಪ್ರೆಸರಿಗೊಂದು, ಗಾಳಿಯ ಫ್ಯಾನಿಗೊಂದು ಕೆಪ್ಯಾಸಿಟರು. ಕೆಲವದರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಕೂಡಿರುವವು. ಬಹಳಷ್ಟರಲ್ಲಿ ಕಂಪ್ರೆಸರು ಹೊರಡುವ ಕ್ಷಣಕ್ಕೆ ಮಾತ್ರ ನೆರವಾಗುವ ಬೇರೊಂದು ಕೆಪ್ಯಾಸಿಟರೂ ಇರುವದು.

ಕಂಪ್ರೆಸರು ಉಕ್ಕಿನ ಗಡಿಗೆಯೊಳಗೆ ಮುಚ್ಚಿಕೊಂಡಿರುವದರಿಂದ ಅದನ್ನು ಕೋಲಿನಿಂದ ನೂಕುವಂತಿಲ್ಲ. ಕೆಪ್ಯಾಸಿಟರು ಸತ್ತರೆ ಅದು ನಿಂತಲ್ಲೇ ಗುಂಯ್ಗುಟ್ಟುತ್ತ, ಹಲವು ಪಟ್ಟು ಪ್ರವಾಹವನ್ನು ಎಳೆದುಕೊಂಡು ಕಾಯುವದು. ರಕ್ಷಕವು ವಿದ್ಯುತ್ತನ್ನು ಕಡಿಯುವದು. ತಣಿದ ಮೇಲೆ ಮತ್ತೆ ಅದೇ ಪಾಡು. ಹೀಗೆಯೇ ಬಿಟ್ಟರೆ ಕೊನೆಗೆ ಸುರುಳಿಯೇ ಸುಟ್ಟುಹೋಗುವದು. ಅಗ್ಗದ ಡಬ್ಬಿಯನ್ನು ಅಲಕ್ಷಿಸಿದ್ದಕ್ಕೆ ಯಂತ್ರದ ಅತ್ಯಂತ ಬೆಲೆಯುಳ್ಳ ಭಾಗವನ್ನು ತೆರಬೇಕಾಗುವದು. ಮತ್ತೊಂದು ಬಗೆಯ ನಷ್ಟವೂ ಉಂಟು: ಕಂಪ್ರೆಸರು ಸರಿಯಿದ್ದರೂ ‘ಕೆಟ್ಟಿದೆ’ ಎಂಬ ಮಾತನ್ನು ನಂಬಿ ಹೊಸದನ್ನು ಕೊಳ್ಳುವದು.

ವೋಲ್ಟೇಜು ಕಡಿಮೆಯಾದಾಗಲೂ ಇದೇ ಗುಂಯ್ಗುಟ್ಟುವಿಕೆ ಕೇಳಿಬರುವದು. ೨೩೦ ವೋಲ್ಟು ಇರಬೇಕಾದಲ್ಲಿ ೧೮೪ ಇದ್ದರೆ, ಐದರಲ್ಲಿ ಒಂದು ಪಾಲು ಮಾತ್ರ ಇಳಿಯಿತೆಂದು ತೋರುವದು. ಆದರೆ ಹೊರಡುವ ಬಲವು ನೂರಕ್ಕೆ ೬೪ಕ್ಕೆ ಇಳಿದಿರುವದು. ಗಾಲಿಮನೆಗೆ ಉದ್ದನೆಯ ಸಣ್ಣ ತಂತಿಯಿಂದ ವಿದ್ಯುತ್ತು ತಂದಾಗ ಹೀಗಾಗುವದು. ನಮ್ಮ ತೋಟದ ಮನೆಗಳಲ್ಲಿಯೂ ಇದು ಹೊಸತಲ್ಲ. ಆದುದರಿಂದ ಮೊದಲು ವೋಲ್ಟೇಜು ನೋಡಿ, ಆಮೇಲೆ ಡಬ್ಬಿಯನ್ನು ಬಿಚ್ಚಬೇಕು.

ಬದಲಿಸುವ ಕ್ರಮ ಹೀಗಿದೆ:

೧. ಹೊರಗಿನ ವಿದ್ಯುತ್ತು, ಜನರೇಟರು, ಇನ್ವರ್ಟರು ಎಲ್ಲವನ್ನೂ ಕಡಿದು, ಮೀಟರಿನಿಂದ ಖಾತ್ರಿ ಮಾಡಿಕೊಳ್ಳಬೇಕು.

೨. ವಿದ್ಯುತ್ತು ಕಡಿದರೂ ಡಬ್ಬಿಯೊಳಗೆ ಅದು ಉಳಿದಿರಬಹುದು. ಲೈಡನ್ನಿನ ಪೆಟ್ಟು ನೆನಪಿದೆಯಷ್ಟೆ? ೨೦,೦೦೦ ಓಮ್, ೫ ವ್ಯಾಟಿನ ರೋಧಕಕ್ಕೆ ರಬ್ಬರು ಹೊದಿಕೆಯ ತಂತಿಗಳನ್ನು ಜೋಡಿಸಿ ಟರ್ಮಿನಲ್ಲುಗಳ ನಡುವೆ ಹಿಡಿಯಬೇಕು. ೪೦ ಮೈಕ್ರೋಫ್ಯಾರಡಿನದು ನಾಲ್ಕೈದು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ಖಾಲಿಯಾಗುವದು. ಹತ್ತು ಸೆಕೆಂಡು ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟಬೇಕು. ಜೋಡಿ ಡಬ್ಬಿಯಾದರೆ ಎರಡೂ ಭಾಗಗಳಿಗೆ ಹೀಗೆಯೇ ಮಾಡಬೇಕು.

೩. ಯಾವ ತಂತಿ ಎಲ್ಲಿತ್ತೆಂಬುದನ್ನು ಬರೆದುಕೊಳ್ಳಬೇಕು ಅಥವಾ ಚಿತ್ರ ತೆಗೆದುಕೊಳ್ಳಬೇಕು.

೪. ತಂತಿ ಬಿಚ್ಚಿ ಅಳೆಯಬೇಕು. ೪೦ ಎಂದೂ ನೂರಕ್ಕೆ ೬ರಷ್ಟು ಹೆಚ್ಚುಕಡಿಮೆ ಎಂದೂ ಬರೆದಿದ್ದರೆ ೩೭.೬ರಿಂದ ೪೨.೪ರವರೆಗೆ ಸರಿ. ತಲೆ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಅಳೆಯುವ ಮಾತೇ ಇಲ್ಲ, ಬದಲಿಸಬೇಕು.

೫. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟಿನ ಗುರುತು ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆ ಇರಕೂಡದು. ಹೊರಡಿಸುವ ಕೆಪ್ಯಾಸಿಟರನ್ನು ಸದಾ ನಡೆಯುವದರ ಸ್ಥಾನದಲ್ಲಿ ಹಾಕಿದರೆ ಅದು ಬೇಗನೆ ಕಾಯ್ದು ಒಡೆಯುವದು.

೬. ಗಾಲಿಮನೆ ಕುಲುಕಾಡುವದರಿಂದ ಡಬ್ಬಿಯನ್ನು ಪಟ್ಟಿಯಿಂದ ಬಿಗಿದು ಕಟ್ಟಬೇಕು.

ಕೆಪ್ಯಾಸಿಟರಿನ ದೊಡ್ಡ ವೈರಿ ಶಾಖ. ಬಿಸಿಲಿಗೆ ಕಾದ ಛಾವಣಿಯ ಮೇಲೆ ಅದಕ್ಕೆ ಬಿಡುವೇ ಇಲ್ಲ. ಆದುದರಿಂದ ಗಾಳಿಯ ಹಾದಿಗಳನ್ನು ಧೂಳಿಲ್ಲದಂತೆ ಇಟ್ಟರೆ ಅದರ ಆಯುಷ್ಯ ಹೆಚ್ಚುವದು.

ವಿದ್ಯಾರ್ಥಿ ಮಿತ್ರರೇ, ನಮ್ಮದು ಕಲಾ ಮಹಾವಿದ್ಯಾಲಯ. ಮೋಟಾರಿನ ಗೊಡವೆ ನಮಗೇಕೆಂದು ಕೆಲವರು ಕೇಳಬಹುದು. ನಾವೆಲ್ಲರೂ ಮೆಕ್ಯಾನಿಕರಾಗಬೇಕಾಗಿಲ್ಲ, ಕಲಿಯದ ಕೈ ಈ ಕೆಲಸಕ್ಕೆ ಇಳಿಯದಿರುವದೇ ಲೇಸು. ಆದರೆ ‘ಮೋಟಾರು ಸುಟ್ಟಿದೆ’ ಎಂದು ಯಾರಾದರೂ ನಮ್ಮ ತಂದೆಯವರಿಗೆ ಹೇಳಿದಾಗ, ‘ಕೆಪ್ಯಾಸಿಟರ್ ಅಳೆದು ನೋಡಿದಿರಾ?’ ಎಂದು ವಿನಯದಿಂದ ಕೇಳುವಷ್ಟು ತಿಳಿವಳಿಕೆ ನಮಗಿರಬೇಕು. ಆ ಒಂದು ಪ್ರಶ್ನೆಯಿಂದ ಒಂದು ಮನೆಯ ಹಣ ಉಳಿಯಬಹುದು.