ಮಳೆಗಾಲದ ಘಾಟಿಯಲ್ಲಿ ಬೈಕು ಸವಾರಿ



ಮಳೆ ಹಿಡಿದ ಮೇಲೆ ಮಲೆನಾಡಿನ ರಸ್ತೆಗಳಲ್ಲಿ ಮರದ ನೆರಳಿರುವೆಡೆ ಪಾಚಿ ಕಟ್ಟುತ್ತದೆ. ತೋಟದಿಂದ ಬಂದ ಜೀಪು, ಟ್ರ್ಯಾಕ್ಟರುಗಳ ಗಾಲಿಯ ಕೆಸರು ಟಾರಿನ ಮೇಲೆ ಉಳಿಯುತ್ತದೆ. ಎರಡೂ ಬೈಕನ್ನು ಜಾರಿಸುತ್ತವೆ.

ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 11 ಮೀಟರು ಓಡುತ್ತದೆ. ಬ್ರೇಕಿಗೆ ಕೈ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿರಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಬನ್ನಿರಿ. ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ಇಳಿಯುವ ಅಭ್ಯಾಸ ಬಿಡಿರಿ.

ಜೀಪು ನಡೆಸುವವರಿಗೂ ಒಂದು ಮಾತು. ಬೈಕು ಚಿಕ್ಕದಾದ್ದರಿಂದ, ಇರುವುದಕ್ಕಿಂತ ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಕಣ್ಣಿಗೆ ತೋರುತ್ತದೆ. ತೋಟದ ಗೇಟಿನಿಂದ ರಸ್ತೆಗೆ ಇಳಿಯುವಾಗ ಎರಡು ಸಲ ನೋಡಿರಿ. ಕಿರಿದಾದ ಘಾಟಿಯಲ್ಲಿ ಏರು ಹತ್ತುವ ವಾಹನಕ್ಕೆ ದಾರಿ ಬಿಡಿರಿ. ಗೇಟಿನೆದುರು ಬಿದ್ದ ಕೆಸರನ್ನು ಅಂದೇ ತೆಗೆಸಿರಿ.

1988ರ ಮೋಟಾರು ವಾಹನ ಕಾಯ್ದೆಯಂತೆ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ. ಐ.ಎಸ್.ಐ. ಗುರುತಿನದನ್ನೇ ಕೊಂಡು, ಗದ್ದದ ಪಟ್ಟಿ ಬಿಗಿಯಿರಿ. ಡೈರಿಗೆ ಹಾಲು ಹಾಕಲು ಹೋಗುವಾಗಲೂ ಇದನ್ನು ಮರೆಯಬಾರದು.

ಅಡಿಕೆ ಧಾರಣೆ ಈ ವರ್ಷ ಇಳಿದರೆ ಮುಂದಿನ ವರ್ಷ ಏರೀತು. ಹೋದ ಜೀವ ಬಾರದು.