ವೃತ್ತದಲ್ಲಿ ಸಿಗದ ಉದ್ದ: ಮೂರು ಪ್ರಮೇಯ, ಒಂದೇ ಲೆಕ್ಕ



ಹತ್ತನೇ ತರಗತಿ ಮುಗಿಸಿ ಕಾಮರ್ಸ್ ಸೇರಿದ ಮೇಲೆ ವೃತ್ತದ ಕಾಟ ತಪ್ಪಿತು ಎಂದುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡವರಿಗೆ ದ್ವಿತೀಯ ಪಿಯುಸಿಯಲ್ಲಿ ವೃತ್ತ ಮತ್ತೆ ಎದುರಾಗುತ್ತದೆ. ಇನ್ನೊಂದು ತೊಂದರೆ ಭಾಷೆಯದು. ನನ್ನಂತೆ ಮನೆಯಲ್ಲಿ ಉರ್ದು ಮಾತನಾಡುವವರಿಗೆ, ಅದರಲ್ಲೂ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿಗೆ ವತರ್, ಮುಮಾಸ್ ಎಂಬ ಪದಗಳು ಗೊತ್ತು. ಕನ್ನಡ ಮಾಧ್ಯಮದವರಿಗೆ ಅವೇ ಜ್ಯಾ, ಸ್ಪರ್ಶಕ. ಇಂಗ್ಲಿಷ್ ಪುಸ್ತಕದಲ್ಲಿ ಅವೇ ಕಾರ್ಡ್, ಟ್ಯಾಂಜೆಂಟ್. ಪದಕ್ಕೆ ಹೆದರಿ ಗಣಿತವನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಹೆಸರು ಮೂರಿದ್ದರೂ ಗೆರೆ ಒಂದೇ. ಅದಕ್ಕಾಗಿ ಪೆನ್ಸಿಲ್ ಹಿಡಿದು ಚಿತ್ರ ಬರೆಯುತ್ತಾ ಈ ಲೇಖನ ಓದಿ.

ಮೊದಲ ಚಿತ್ರ: ಬಿಂದು ಒಳಗೆ

ಒಂದು ವೃತ್ತ ಬರೆಯಿರಿ. ಅದರೊಳಗೆ ಎಬಿ ಮತ್ತು ಸಿಡಿ ಎಂಬ ಎರಡು ಜ್ಯಾಗಳನ್ನು ಎಳೆಯಿರಿ. ಅವು ಪಿ ಎಂಬ ಬಿಂದುವಿನಲ್ಲಿ ಒಂದನ್ನೊಂದು ಕತ್ತರಿಸಲಿ. ಆಗ

ಪಿಎ × ಪಿಬಿ = ಪಿಸಿ × ಪಿಡಿ

ಇದು ಏಕೆ ನಿಜ? ಎಸಿ ಮತ್ತು ಬಿಡಿ ಸೇರಿಸಿದರೆ ಎರಡು ತ್ರಿಭುಜಗಳು ಸಿಗುತ್ತವೆ. ಪಿ ಬಳಿಯ ಕೋನಗಳು ಶೃಂಗಾಭಿಮುಖ ಕೋನಗಳು, ಆದ್ದರಿಂದ ಸಮ. ಎ ಮತ್ತು ಡಿ ಬಳಿಯ ಕೋನಗಳು ಬಿಸಿ ಎಂಬ ಒಂದೇ ಕಂಸದ ಮೇಲೆ ನಿಂತಿವೆ, ಆದ್ದರಿಂದ ಅವೂ ಸಮ. ಅಂದರೆ ತ್ರಿಭುಜಗಳು ಸಮರೂಪ. ಬಾಹುಗಳ ಅನುಪಾತ ಬರೆದು ಅಡ್ಡ ಗುಣಾಕಾರ ಮಾಡಿದರೆ ಮೇಲಿನ ಸಾಲು ಬರುತ್ತದೆ.

ಉದಾಹರಣೆ: ಪಿಎ 3, ಪಿಬಿ 8, ಪಿಸಿ 4 ಸೆಂ.ಮೀ. ಆದರೆ ಪಿಡಿ ಎಷ್ಟು? 3 × 8 = 24, 24 ÷ 4 = 6 ಸೆಂ.ಮೀ.

ಎರಡನೇ ಚಿತ್ರ: ಬಿಂದು ಹೊರಗೆ

ಈಗ ಪಿ ಬಿಂದುವನ್ನು ವೃತ್ತದ ಹೊರಗೆ ಇಡಿ. ಅಲ್ಲಿಂದ ಎಳೆದ ಛೇದಕ ವೃತ್ತವನ್ನು ಮೊದಲು ಎ ಯಲ್ಲಿ, ನಂತರ ಬಿ ಯಲ್ಲಿ ಕತ್ತರಿಸುತ್ತದೆ. ಇನ್ನೊಂದು ಛೇದಕ ಸಿ ಮತ್ತು ಡಿ ಯಲ್ಲಿ ಕತ್ತರಿಸುತ್ತದೆ. ಸೂತ್ರ ಬದಲಾಗುವುದಿಲ್ಲ: ಪಿಎ × ಪಿಬಿ = ಪಿಸಿ × ಪಿಡಿ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಪಿಎ 4, ಎಬಿ 5 ಎಂದು ಕೊಟ್ಟರೆ ಅವಸರದಲ್ಲಿ 4 × 5 ಎಂದು ಬರೆಯಬಾರದು. ಎರಡೂ ಉದ್ದಗಳನ್ನು ಪಿ ಯಿಂದಲೇ ಅಳೆಯಬೇಕು. ಪಿಬಿ ಎಂದರೆ 4 + 5 = 9. ಗುಣಲಬ್ಧ 4 × 9 = 36.

ಮೂರನೇ ಚಿತ್ರ: ಸ್ಪರ್ಶಕ

ಛೇದಕವನ್ನು ಪಿ ಯ ಸುತ್ತ ನಿಧಾನವಾಗಿ ತಿರುಗಿಸಿ. ಎ ಮತ್ತು ಬಿ ಹತ್ತಿರ ಹತ್ತಿರ ಬಂದು ಕೊನೆಗೆ ಟಿ ಎಂಬ ಒಂದೇ ಬಿಂದುವಾಗುತ್ತವೆ. ಆಗ ಅದು ಸ್ಪರ್ಶಕ. ಎರಡು ಉದ್ದಗಳೂ ಪಿಟಿ ಆಗುವುದರಿಂದ

ಪಿಟಿ² = ಪಿಎ × ಪಿಬಿ

ಮೇಲಿನ ಲೆಕ್ಕದಲ್ಲಿ ಪಿಟಿ² = 36, ಪಿಟಿ = 6. ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಕಲಿತಿದ್ದೆವಲ್ಲ, ಅದೂ ಇದರಿಂದಲೇ ಬರುತ್ತದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಿ ಯಿಂದ ಯಾವ ದಿಕ್ಕಿಗೆ ಗೆರೆ ಎಳೆದರೂ ಗುಣಲಬ್ಧ ಟ್ಯಾಲಿ ಆಗಲೇಬೇಕು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ಎರಡೂ ಸಮ ಬರುವ ಹಾಗೆ.

ಬೇಸಿಕ್ ಮ್ಯಾಥ್ಸ್‌ನಲ್ಲಿ ಇದೇ ಲೆಕ್ಕ

ಕೇಂದ್ರ (0, 0), ತ್ರಿಜ್ಯ 3 ಇರುವ ವೃತ್ತಕ್ಕೆ (5, 0) ಬಿಂದುವಿನಿಂದ ಸ್ಪರ್ಶಕದ ಉದ್ದ ಎಷ್ಟು? ಪುಸ್ತಕದ ಸೂತ್ರದಂತೆ 25 – 9 = 16, ವರ್ಗಮೂಲ 4. ಈಗ ಕೇಂದ್ರದ ಮೂಲಕ ಹೋಗುವ ಗೆರೆಯನ್ನು ನೋಡಿ. ಹತ್ತಿರದ ಬಿಂದುವಿಗೆ ದೂರ 2, ಆಚೆಯ ಬಿಂದುವಿಗೆ 8. 2 × 8 = 16. ಬಾಯಿಪಾಠ ಮಾಡುವ ಸೂತ್ರ ಎಲ್ಲಿಂದ ಬಂತೆಂದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ

ನಮ್ಮ ಮಾಮು ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಕೆಲಸದವರು. ಗಿರಾಕಿ ಬಂದು ಕಮಾನಿನ ಅಗಲ 8 ಅಡಿ, ನಡುವೆ ಎತ್ತರ 2 ಅಡಿ ಎಂದಷ್ಟೇ ಹೇಳುತ್ತಾರೆ. ತ್ರಿಜ್ಯ ಯಾರೂ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಪೈಪ್ ಬಗ್ಗಿಸಿದರೆ ಕಮಾನು ಗೋಡೆಗೆ ಕೂರುವುದಿಲ್ಲ. ತಪ್ಪಾಗಿ ಬಗ್ಗಿಸಿದ ಪೈಪ್ ಗುಜರಿಗೆ ಹೋಗುತ್ತದೆ, ಆ ದಿನದ ದುಡಿಮೆಯೂ ಹೋಗುತ್ತದೆ.

ಅಗಲವೇ ಜ್ಯಾ. ಅದರ ಮಧ್ಯಬಿಂದುವಿನ ಮೂಲಕ ನೇರ ಕೆಳಗೆ ಇಳಿಯುವ ಲಂಬ ವ್ಯಾಸವಾಗುತ್ತದೆ. ಆದ್ದರಿಂದ 4 × 4 = 2 × ಉಳಿದ ಭಾಗ. ಉಳಿದ ಭಾಗ 8, ವ್ಯಾಸ 2 + 8 = 10, ತ್ರಿಜ್ಯ 5 ಅಡಿ. ಇಷ್ಟು ಹೇಳಿದರೆ ಸಾಕು. ಮಾಮು 5 ಅಡಿ ದಾರಕ್ಕೆ ಸೀಮೆಸುಣ್ಣ ಕಟ್ಟಿ ನೆಲದ ಮೇಲೆ ಪೂರ್ತಿ ಅಳತೆಯ ಕಂಸ ಎಳೆಯುತ್ತಾರೆ, ಪೈಪನ್ನು ಅದಕ್ಕೆ ಹೊಂದಿಸುತ್ತಾರೆ.

ಭೂಮಿಯ ಮೇಲೆ

ಸುಮಾರು 1000 ವರ್ಷಗಳ ಹಿಂದೆ ಅಲ್-ಬಿರೂನಿ ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬೆಟ್ಟದಿಂದ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಬೆಟ್ಟದ ಎತ್ತರ ಮತ್ತು ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನ ಅವರಿಗೆ ಸಾಕಾಯಿತು. ದಿಗಂತದ ಕಡೆಗಿನ ನೋಟವೇ ಭೂಮಿಗೆ ಎಳೆದ ಸ್ಪರ್ಶಕ. ಅವರು ಕೋನದಿಂದ ಹೊರಟರು. ನಾವು ನಮ್ಮ ಪ್ರಮೇಯದಿಂದ ದಿಗಂತದ ದೂರವನ್ನು ಕಂಡುಹಿಡಿಯಬಹುದು. ಸಮುದ್ರ ಮಟ್ಟದಿಂದ 20 ಮೀಟರ್, ಅಂದರೆ 0.02 ಕಿ.ಮೀ. ಎತ್ತರದಲ್ಲಿ ನಿಂತಿದ್ದೇವೆ ಎನ್ನಿ. ಭೂಮಿಯ ವ್ಯಾಸ ಸುಮಾರು 12,742 ಕಿ.ಮೀ. ಇಷ್ಟು ದೊಡ್ಡ ಸಂಖ್ಯೆಗೆ 0.02 ಕೂಡಿಸದಿದ್ದರೂ ನಡೆಯುತ್ತದೆ. 0.02 × 12,742 ಸುಮಾರು 255, ಅದರ ವರ್ಗಮೂಲ ಸುಮಾರು 16. ಅಷ್ಟು ಕಿಲೋಮೀಟರ್ ದೂರದವರೆಗೆ ನೀರು ಕಾಣುತ್ತದೆ.

ನಿಮಗೊಂದು ಲೆಕ್ಕ

ಬಾಹ್ಯ ಬಿಂದು ಪಿ ಯಿಂದ ಎಳೆದ ಸ್ಪರ್ಶಕ 6 ಸೆಂ.ಮೀ. ಅದೇ ಬಿಂದುವಿನಿಂದ ಎಳೆದ ಛೇದಕದಲ್ಲಿ ವೃತ್ತದ ಹೊರಗಿನ ತುಂಡು 3 ಸೆಂ.ಮೀ. ವೃತ್ತದ ಒಳಗಿನ ಜ್ಯಾ ಎಷ್ಟು? 12 ಬಂದರೆ ಇನ್ನೊಂದು ಹೆಜ್ಜೆ ಬಾಕಿ ಇದೆ, ಎರಡನೇ ಚಿತ್ರವನ್ನು ಮತ್ತೊಮ್ಮೆ ನೋಡಿ. 9 ಬಂದರೆ ನಿಮ್ಮ ಲೆಕ್ಕ ಸರಿ. ಪಕ್ಕದ ಬೆಂಚಿನವರಿಗೂ ಹೇಳಿಕೊಡಿ, ಅವರಿಗೆ ತಿಳಿಯುವ ಭಾಷೆಯಲ್ಲಿ.